ಟನ್ನಿಗೆ ಎರಡು ಗ್ರಾಂ

ಕಲ್ಗೂರ್ಲಿಗೆ ಡಿಸೆಂಬರ್ ಬಂತೆಂದರೆ
ಕಾರಿನ ಬಾಗಿಲು ಮುಟ್ಟಿದ ಕೈ ಸುಡುತ್ತದೆ.
ಹ್ಯಾನನ್ ಬೀದಿಯ ಅಂಗಡಿಗಾಜಿಗೆ
ಹತ್ತಿಯ ಹಿಮ ಅಂಟಿಸಿದ್ದಾರೆ;
ನಲವತ್ತೆರಡು ಡಿಗ್ರಿಗೆ ಗೋಂದು ಕರಗಿ
ಹಿಮಕ್ಕೂ ಬೆವರು.

ನನ್ನದು ತೂಕದ ಕೆಲಸ.
ಗಣಿಯಿಂದ ಚೀಲ ಬರುತ್ತವೆ, ಚೀಲಕ್ಕೊಂದು ನಂಬರು.
ಪುಡಿ ಮಾಡಿ, ಸೀಸ ಕೂಡಿಸಿ, ಕುಲುಮೆಗಿಟ್ಟು
ಕೊನೆಗುಳಿಯುವ ಮಣಿಯನ್ನು
(ಅದರ ಮುಂದೆ ಸಾಸಿವೆಯೂ ಕುಂಬಳಕಾಯಿ)
ಚಿಮಟದಲ್ಲೆತ್ತಿ ತಕ್ಕಡಿಗಿಟ್ಟು
ಉಸಿರು ಬಿಡದೆ ಓದುತ್ತೇನೆ:
ಟನ್ನು ಕಲ್ಲಿಗೆ ಎರಡು ಗ್ರಾಂ.
‘ಅಗೆಯಬಹುದು,’ ಅನ್ನುತ್ತಾನೆ ಡ್ಯಾರನ್, ಸಹಿ ಹಾಕಿ.

ಅಪ್ಪ ಅಗೆದದ್ದೂ ಇದನ್ನೇ, ಕೋಲಾರದ ಚಿನ್ನದ ಗಣಿಯಲ್ಲಿ,
ಬಿಸಿಲು ಇಳಿಯದ ಆಳದಲ್ಲಿ.
ಅಲ್ಲಿ ಮುಚ್ಚಿತು, ಇಲ್ಲಿ ತೆರೆದಿದೆ.
ಅದಕ್ಕೇ ಇಲ್ಲಿದ್ದೇನೆ, ಕಥೆ ಇಷ್ಟೇ.
ಬೀದಿಗೆ ತಮಿಳು, ಅಡುಗೆಮನೆಗೆ ಕನ್ನಡ,
ಭಾನುವಾರಕ್ಕೆ ಇಂಗ್ಲಿಷು ಎಂದು
ನಾಲಿಗೆಯನ್ನು ಪಾಲು ಮಾಡಿಕೊಂಡೇ ಬೆಳೆದವಳಿಗೆ
ಇನ್ನೊಂದು ಪಾಲು ಭಾರವೆನಿಸಲಿಲ್ಲ, ಮೊದಮೊದಲು.

ಸಂಜೆ ಇಲ್ಲೂ ಮದ್ದು ಸಿಡಿಸುತ್ತಾರೆ.
ಕಪಾಟಿನ ಲೋಟಗಳು ಗಲಗಲ.
ಪಕ್ಕದ ಮನೆಯವರು ಬಿಯರು ಕೆಳಗಿಡುವುದಿಲ್ಲ.
ನಾನು ಮಾತ್ರ ಗೋಡೆಯ ಗಡಿಯಾರ ನೋಡುತ್ತೇನೆ.
ಹಾಗೆ ನೆಲ ನಡುಗಿದಾಗೆಲ್ಲ ಅಮ್ಮ
ಒಗ್ಗರಣೆ ಸೀಯಲು ಬಿಟ್ಟು ನೋಡುತ್ತಿದ್ದಳು,
ಈಗ ಕೆಳಗಿರುವುದು ಯಾರ ಪಾಳಿ ಎಂದು.

ಇವತ್ತು ರಾತ್ರಿ ಪೆಟ್ಟಿಗೆಯ ತೂಕ.
ಅದನ್ನಪ್ಪಿಕೊಂಡು ಬಚ್ಚಲಮನೆಯ ತಕ್ಕಡಿ ಹತ್ತುತ್ತೇನೆ,
ಆಮೇಲೆ ನನ್ನನ್ನು ಕಳೆಯುತ್ತೇನೆ.
ಉಳಿದದ್ದು ಊರಿಗೆ: ಮೂವತ್ತೂವರೆ ಕೇಜಿ.
ಎಸ್ತರಕ್ಕನ ಕೇಕಿಗೆ ಒಣದ್ರಾಕ್ಷಿ,
ಅವಳ ಮಗನಿಗೆ ಕೀಪಿಂಗ್ ಗ್ಲೌಸು,
ಯಾರು ಕೇಳಿದ್ದೆಂದು ಮರೆತುಹೋದ ಮಂಡಿನೋವಿನ ಮುಲಾಮು.
ಅರ್ಧ ಕೇಜಿ ತೆಗೆಯಬೇಕು. ನನ್ನ ಸ್ವೆಟರನ್ನೇ ತೆಗೆಯುತ್ತೇನೆ.

ಬೇಲಿಯಾಚೆಯ ಮಿಲೇನಾಗೆ ಕೀಲಿ ಕೊಡಲು ಹೋದೆ.
ಐವತ್ತು ವರ್ಷದ ಹಿಂದೆ ಗಂಡನ ಜೊತೆ ಬಂದವಳು,
ಒಮ್ಮೆಯೇ ಊರಿಗೆ ಹೋದವಳು.
‘ಚಪ್ಪಲಿ ಬಿಡುವ ಮೊದಲೇ ಕೇಳಿದರು ಕಣೇ,
ವಾಪಸು ಯಾವಾಗ ಎಂದು.’
ನಕ್ಕೆ. ಮಾರಿಕುಪ್ಪಂ ರೈಲಿಳಿದರೆ ನನಗೂ ಅದೇ:
‘ಬಂದ್ಯಾ? ಎಷ್ಟು ದಿನ ರಜ?’
ಹದಿನೆಂಟು ದಿನ.
ವರ್ಷವೆಂಬ ಟನ್ನಿಗೆ ಹದಿನೆಂಟು.
ಅಗೆಯಬಹುದು.

ಆಂಡರ್ಸನ್‌ಪೇಟೆಯ ಬೇಕರಿಯ ಮುಂದೆ
ಹಬ್ಬದ ವಾರವೆಲ್ಲ ಸಾಲು.
ಮನೆಯಲ್ಲೇ ಕಲಸಿದ ಹಿಟ್ಟು ತಗಡಿನ ತಟ್ಟೆಯಲ್ಲಿ,
ಮೇಲೊಂದು ಚೀಟಿ, ಚೀಟಿಯಲ್ಲಿ ಹೆಸರು.
ಸೌದೆ ಒಲೆಯ ಬಾಯಿಗೆ ಉದ್ದನೆ ಹುಟ್ಟಿನಿಂದ ನೂಕುತ್ತಿದ್ದರು,
ಬೆಳಗಿನ ಜಾವ ಹೆಸರು ಕೂಗುತ್ತಿದ್ದರು.
ಒಂದು ವರ್ಷ ನಮ್ಮ ಚೀಟಿ ಸುಟ್ಟಿತ್ತು.
ಯಾರದೋ ಕೇಕು ನಮ್ಮ ಮನೆಗೆ ಬಂತು,
ಕಿತ್ತಳೆ ಸಿಪ್ಪೆ, ಜಾಯಿಕಾಯಿ, ಒಂಚೂರು ರಮ್ಮಿನ ಘಾಟು.
‘ನಮ್ಮದಲ್ಲ’ ಅಂದಳು ಅಮ್ಮ, ಮೂಸಿ.
ಅಪ್ಪ ಅಷ್ಟರಲ್ಲಿ ಎರಡನೇ ತುಂಡಿನಲ್ಲಿದ್ದ.
ನಮ್ಮದು ಯಾರ ಮನೆಗೆ ಹೋಯಿತೋ,
ಚೆನ್ನಾಗಿತ್ತೋ ಇಲ್ಲವೋ,
ಇಂದಿಗೂ ಯಾರೂ ಹೇಳಿಲ್ಲ.

ಪೆಟ್ಟಿಗೆಗೆ ಚೀಟಿ ಕಟ್ಟುತ್ತಿದ್ದೇನೆ.
ಹೆಸರು ಬರೆದಾಯಿತು: ಸುಶೀಲಾ ಜಾಕೋಬ್.
ಕೆಳಗೆ ‘ಮನೆ ವಿಳಾಸ’, ಎರಡೇ ಸಾಲಿನ ಜಾಗ.
ಪೆನ್ನು ನಿಂತಿದೆ.
ನಾಲ್ಕಕ್ಕೆ ಟ್ಯಾಕ್ಸಿ.
ಮೆಣಸಿನ ಗಿಡಕ್ಕೆ ದಿನಕ್ಕೊಂದು ಚೊಂಬು ನೀರು ಸಾಕು, ಮಿಲೇನಾ,
ಹಣ್ಣಾದರೆ ಕಿತ್ತುಕೋ,
ನಾನು ಬರುವವರೆಗೆ ಕಾಯಬೇಡ.