ಮಣಿಕಟ್ಟಿನ ದರ

ಏಳು ಮೂರು ಒಂದು ಒಂದು ಸೊನ್ನೆ:
ಮಣಿಕಟ್ಟಿನ ಎಕ್ಸ್‌ರೇ, ಮೂರು ಕೋನ.
ಇಪ್ಪತ್ತಾರು ವರ್ಷ ಇದನ್ನೇ ಕುಟ್ಟಿದ್ದೇನೆ,
ಓಹಾಯೋ ನದಿಯ ಈ ದಡದಲ್ಲಿ, ಸೇಂಟ್ ಬ್ರೆಂಡನ್ ಆಸ್ಪತ್ರೆಯ
ನೆಲಮಾಳಿಗೆಯಲ್ಲಿ, ಬಾಯ್ಲರ್ ಪಕ್ಕದ ಮೇಜಿನಲ್ಲಿ.

ಆಚೆ ದಡದಲ್ಲಿ ವ್ಯಾಲಿ ಮೆಮೋರಿಯಲ್.
ಅಲ್ಲಿಯೂ ನನ್ನಂಥವಳೊಬ್ಬಳು, ವಿಲ್ಮಾ ಕ್ರೌಚ್.
ನಾವು ನೂರ ಎಂಬತ್ತು ಡಾಲರ್ ಅಂದರೆ
ಅವರು ನೂರ ಎಪ್ಪತ್ತು ಅನ್ನುವರು.
ನಾವು ಪಾರ್ಕಿಂಗ್ ಪುಕ್ಕಟೆ ಮಾಡಿದರೆ
ಅವರು ಬಾಣಂತಿಯರ ಕೋಣೆಗೆ ಹೊಸ ಪರದೆ ಹಾಕುವರು.
ವಿಮಾ ಕಂಪನಿಯವನು ಸೇತುವೆಯ ನಡುವೆ ನಿಂತು
ಆ ಕಡೆ ಈ ಕಡೆ ನೋಡಿ ಮೀಸೆ ತಿರುವುತ್ತಿದ್ದ.
ಒಳ್ಳೆಯವರೇನಲ್ಲ ನಾವು ಯಾರೂ.
ಆಚೆ ದಡದಲ್ಲೂ ದೀಪ ಉರಿಯುತ್ತಿತ್ತು, ಅಷ್ಟೆ.

ಆಮೇಲೆ ಮಾತುಕತೆ, ನಿಶ್ಚಿತಾರ್ಥ, ಇಬ್ಬರಿಗೂ ಒಂದೇ ಲೋಗೊ.
ಸರ್ಕಾರ ತಡೆಯಲು ನೋಡಿತು.
ಕೋರ್ಟಿನಲ್ಲಿ ಒಂಬತ್ತು ದಿನ ವಾದ ನಡೆದದ್ದು
ಒಂದೇ ಪದದ ಮೇಲೆ: ಮಾರುಕಟ್ಟೆ.
ಅದು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ?
ಆಸ್ಪತ್ರೆಗಳ ಕಡೆಯ ಅರ್ಥಶಾಸ್ತ್ರಜ್ಞ, ಗಂಟೆಗೆ ಒಂಬೈನೂರರವನು,
ನಕ್ಷೆಯ ಮೇಲೆ ನಮ್ಮೂರಿಗೆ ಕೈವಾರದ ಮುಳ್ಳು ಚುಚ್ಚಿ
ಎಪ್ಪತ್ತೈದು ಮೈಲಿಯ ವೃತ್ತ ಎಳೆದ.
ಒಳಗೆ ಹನ್ನೊಂದು ಆಸ್ಪತ್ರೆ.
ನೋಡಿ ಸ್ವಾಮಿ, ಎಷ್ಟೊಂದು ಪೈಪೋಟಿ.

ಆಂಬುಲೆನ್ಸಿನ ಡ್ವೇನ್ ಸ್ಟುಪಾಕ್ ಸಾಕ್ಷಿಕಟ್ಟೆ ಹತ್ತಿದ,
ಯಾರದೋ ಟೈ ಕಟ್ಟಿಕೊಂಡು.
ಕೈವಾರಕ್ಕೆ ಗುಡ್ಡ ಹತ್ತಿ ಗೊತ್ತಿಲ್ಲ, ಅಂದ.
ಜನವರಿಯಲ್ಲಿ ಆ ವೃತ್ತದ ಮೇಲಿನರ್ಧ
ಹಿಮ ಬಿದ್ದು ಮುಚ್ಚಿರುತ್ತದೆ.
ಎದೆ ಹಿಡಿದುಕೊಂಡವನು ಎಷ್ಟು ಅಂಗಡಿ ಅಲೆದು
ಚೌಕಾಸಿ ಮಾಡುತ್ತಾನೆ, ನೀವೇ ಹೇಳಿ.
ಎದುರು ವಕೀಲ ಎದ್ದು, ಇದು ಊಹೆ, ಅಂದ.
ದಾಖಲೆಯಿಂದ ತೆಗೆಯಿರಿ, ಅಂದರು ನ್ಯಾಯಾಧೀಶರು.
ತೆಗೆದರು.
ಆದರೆ ನಾನು ಕೇಳಿಸಿಕೊಂಡಾಗಿತ್ತು.

ತೀರ್ಪಿನಲ್ಲಿ 'ದಕ್ಷತೆ' ಎಂಬ ಮಾತು
ನಲವತ್ತೊಂದು ಸಲ ಇದೆ.
ಎಣಿಸಿದ್ದೇನೆ; ಎಣಿಸುವುದೇ ನನ್ನ ಕಸುಬು.
ದಕ್ಷತೆ ಅಂದರೆ ವಿಲ್ಮಾ ಎಂದು ತಿಳಿದದ್ದು
ಅವಳ ಕುರ್ಚಿ ನಮ್ಮ ಉಗ್ರಾಣಕ್ಕೆ ಬಂದಾಗ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು, ಅನ್ನುತ್ತಾರೆ.
ಇಲ್ಲಿ ಜಗಳವಿದ್ದಷ್ಟು ದಿನ ಕೂಸು
ದುಂಡಗೆ ಆಡಿಕೊಂಡಿತ್ತು.
ರಾಜಿಯಾದರು ನೋಡಿ, ಆಗ ಶುರುವಾಯಿತು.

ಅದೇ ಯಂತ್ರ. ಗುಂಡಿ ಒತ್ತುವವನು ಅದೇ ಆಂಬ್ರೋಸ್,
ಅಲುಗಾಡಬೇಡಿ ಅನ್ನುವ ಅದೇ ನೆಗಡಿಯ ದನಿ.
ಮೊದಲ ವರ್ಷ ಇನ್ನೂರ ಅರವತ್ತು.
ಮೂರನೆಯ ವರ್ಷ ನಾನೂರ ಹತ್ತು.
ಮೂಳೆಗೆ ಈ ವಿಷಯ ಯಾರೂ ತಿಳಿಸಲಿಲ್ಲ,
ಅದು ಹಳೆಯ ದರದಲ್ಲೇ ಮುರಿಯುತ್ತಿದೆ.
ಡಾಕ್ಟರ್ ಪೆಟ್ರೀಯವರ ಕ್ಲಿನಿಕ್ಕನ್ನೂ ಕೊಂಡರು.
ಅದೇ ಕುರ್ಚಿ, ಗಾಜಿನ ತೊಟ್ಟಿಯಲ್ಲಿ ಅದೇ ಒಂಟಿ ಮೀನು,
ಬಾಗಿಲಿಗೆ ಹೊಸ ಬೋರ್ಡು,
ಬಿಲ್ಲಿಗೆ ಹೊಸ ಸಾಲು:
ಸೌಲಭ್ಯ ಶುಲ್ಕ, ಇನ್ನೂರ ಹದಿನೆಂಟು.
ಯಾವ ಸೌಲಭ್ಯ, ಎಂದು ಫೋನಿನಲ್ಲಿ ಕೇಳುತ್ತಾರೆ.
ಮೀನು, ಅಂದುಬಿಡೋಣ ಅನಿಸುತ್ತದೆ.

ನಿನ್ನೆ ವಿಲ್ಮಾ ಮೆಟ್ಟಿಲಿಳಿದು ಬಂದಳು,
ಎಡಗೈ ಕೊರಳಿಗೆ ತೂಗುಹಾಕಿಕೊಂಡು.
ಸೇತುವೆಯ ಮೇಲೆ ಮಂಜುಗಡ್ಡೆಗೆ ಜಾರಿದಳಂತೆ.
ಏಳು ಮೂರು ಒಂದು ಒಂದು ಸೊನ್ನೆ, ಅಂದಳು ತಾನಾಗಿಯೇ,
ಹೆಸರು ಹೇಳುವ ಮೊದಲೇ.
ಕ್ಲಿನಿಕ್ಕಿನದೂ ಸೇರಿ ಆರುನೂರ ಇಪ್ಪತ್ತೆಂಟು, ಅಂದೆ
ಪರದೆಯಿಂದ ಕಣ್ಣು ಎತ್ತದೆ.
ಅವಳು ನಕ್ಕಳು. ಮಾರ್ಲೀನ್, ಆಚೆ ದಡದಲ್ಲಿ ಎಷ್ಟಿದೆ
ಸ್ವಲ್ಪ ಕೇಳಿ ನೋಡು.

ತಮಾಷೆಗೆ ತಮಾಷೆ ಎಂದು ರಿಸೀವರ್ ಎತ್ತಿದೆ.
ಅವಳ ಹಳೆಯ ನಂಬರು ಬೆರಳಿಗೆ ಇನ್ನೂ ನೆನಪಿತ್ತು.
ಒತ್ತಿದೆ. ಇಬ್ಬರೂ ಕಾದೆವು.

ನನ್ನ ಮೇಜಿನ ಇನ್ನೊಂದು ಫೋನು
ರಿಂಗಾಗತೊಡಗಿತು.