ಇಳಿಸಿಕೊಂಡದ್ದು

ಕೌಲ್ ಬಜಾರಿನ ಮೊಬೈಲ್ ಅಂಗಡಿ ಹುಡುಗ
ಮೂವತ್ತು ರೂಪಾಯಿಗೆ ಚಿಪ್ಪು ತುಂಬಿಕೊಡುತ್ತಾನೆ.
‘ಕ್ರಿಸ್‌ಮಸ್ ಹಾಡು ಇನ್ನೂರೈವತ್ತು ಅದಾವಕ್ಕ, ಹಾಕ್ಲಾ?’
ಹಾಕಿಸಿಕೊಂಡು ಬಂದಿದ್ದೆ ನಾನು,
ಹೊಸ ಹಾಡೂ ಅದರಲ್ಲಿದೆ ಎಂದು ಬೀಗುತ್ತ.

ಎಬೆನೇಜರ್ ಮಾಸ್ತರು ಪೂರಾ ಕೇಳಿದರು.
ಕನ್ನಡಕ ತೆಗೆದು ಅಂಗಿ ತುದಿಗೆ ಒರೆಸಿ,
‘ತೇಜಮ್ಮ, ಇದರಾಗ ನಿನ್ನ ದನಿ
ಎಲ್ಲೈತಿ ತೋರಿಸು’ ಅಂದರು.

ತೋರಿಸಲಾಗಲಿಲ್ಲ.
ನಾಲ್ಕು ದನಿ ಒಟ್ಟಿಗೆ ಕುದಿಯುವಾಗ
ಆಲ್ಟೊ ಅಂದರೆ ಸಾರಿನೊಳಗಿನ ಹುಣಸೆ.
ಸೌಟಿಗೆ ಸಿಗುವುದಿಲ್ಲ.

ಒಂದೊಂದು ದನಿಯನ್ನೂ ಬೇರೆ ಮಾಡಿ ಹಾಡಿಸಿಟ್ಟವರು
ಕೊಟ್ಟಾಯಂ ಕಡೆ ಇದ್ದಾರಂತೆ.
ತಲೆಗೆ ನಲವತ್ತು. ಹನ್ನೊಂದು ಜನ, ಹನ್ನೊಂದು ಪ್ರತಿ.
ತೋರಣಗಲ್ಲಿನ ಶಿಫ್ಟು ಮುಗಿಸಿ
ಬೂಟಿನಲ್ಲೇ ಬಂದ ವಿಮಲನಾಥ, ನಮ್ಮ ಬೇಸು, ಗೊಣಗಿದ:
‘ಪರ್ಮಿಟ್ಟಿಲ್ಲದ ಬೆಟ್ಟಾನ ಹೋದ್ವು ಸಾರ್ ಈ ಜಿಲ್ಲಾದಾಗ,
ಹಾಡಿಗೆ ಎಂಥಾ ರಸೀದಿ?’
‘ಅದಕ್ಕ’ ಅಂದರು ಮಾಸ್ತರು.
ಮತ್ತೇನೂ ಅನ್ನಲಿಲ್ಲ.

ಆ ರಾತ್ರಿ ಕರೆಂಟಿಲ್ಲ.
ಮಾಳಿಗೆ ಮೇಲೆ ಸಿಗ್ನಲ್ಲು ಎರಡು ಕಡ್ಡಿ.
ಹಗಲು ಕುಡಿದ ಬಿಸಿಲನ್ನು
ಬಂಡೆ ಇನ್ನೂ ಉಸಿರಾಡುತ್ತಿತ್ತು.
ನೂರಕ್ಕೆ ಅರವತ್ತು, ಅರವತ್ತೊಂದು,
ಅಲ್ಲೇ ನಿಂತಿತು.
‘ಏನು ಮಾಡಾಕ್ಹತ್ತಿ?’ ಅಂದಳು ಅವ್ವ.
‘ಹಾಡು ಇಳಿಸ್ತಿದೀನಿ.’

ಇಳಿಸುವುದು ಅಂದರೆ ಅವಳಿಗೆ ಗೊತ್ತು.
ಹೊಸಪೇಟೆ ರಸ್ತೆಯ ಯಾರ್ಡಿನಲ್ಲಿ
ಒಂಬತ್ತು ವರ್ಷ ಅದಿರು ಇಳಿಸಿದ ಕತ್ತು ಅದು.
ಬುಟ್ಟಿಗೊಂದು ಟೋಕನ್ನು,
ಸಂಜೆ ಎಣಿಸಿದರೆ ಯಾವಾಗಲೂ ಎರಡು ಕಡಿಮೆ.
‘ಹಾಡ್ದಾಕಿಗೆ ಟೋಕನ್ ಕೊಟ್ರೇನು?’
ಕೊಟ್ಟರಮ್ಮ, ಎಂದು ರಸೀದಿ ತೆರೆದು ಹಿಡಿದೆ.
ಓದು ಬಾರದ ಬೆರಳು ಬೆಳಕಿನ ಮೇಲೆ ಸರಿಯಿತು.
‘ಹೆಸರು ಐತಾ ಆಕೀದು?’
ಇತ್ತು, ಇರುವೆಯಷ್ಟು ಸಣ್ಣಕ್ಷರದಲ್ಲಿ.
ಆಲ್ಟೊ: ಆನ್ಸಿ ಕುರುವಿಳ.
ಆ ಚಿಪ್ಪಿನಲ್ಲಿ ಇನ್ನೂರೈವತ್ತು ಹಾಡು, ಒಂದೂ ಹೆಸರಿರಲಿಲ್ಲ.

ಮರುದಿನದಿಂದ ಆನ್ಸಿ ನನ್ನ ಎಡಗಿವಿಯಲ್ಲಿ.
ಬಲಗಿವಿ ಸೂಪರ್‌ವೈಜರನಿಗೆ.
ಓವರ್‌ಲಾಕ್ ಮಷಿನ್ನಿನಡಿ ಜೀನ್ಸಿನ ಕಾಲುಗಳು ಹರಿಯುತ್ತ,
ಉಗುರು ನೀಲಿಯಾಗುತ್ತ,
ಉಳಿದ ಮೂರು ದನಿ ಗೋಡೆಯಾಚೆ ನಿಂತು ಹಾಡಿದಂತೆ
ಮೆಲ್ಲಗೆ,
ಇವಳೊಬ್ಬಳೇ ಹತ್ತಿರ.
ಎಷ್ಟು ಹತ್ತಿರವೆಂದರೆ
ಮೂರನೇ ಸಾಲಿನ ನಡುವೆ, ಎಲ್ಲೂ ನಿಲ್ಲಬಾರದ ಜಾಗದಲ್ಲಿ,
ಅವಳೊಂದು ಚೂರು ಉಸಿರು ಎಳೆದದ್ದೂ ಕೇಳುತ್ತದೆ.

ಅಭ್ಯಾಸಕ್ಕೆ ಕೂಡಿದಾಗ
ನಾವು ನಾಲ್ವರೂ ಅಲ್ಲೇ ಉಸಿರೆಳೆದೆವು,
ಒಂದೇ ಸಲ, ಬಾಗಿಲು ತೆರೆದಂತೆ.
ಮಾಸ್ತರ ಕೈ ಗಾಳಿಯಲ್ಲೇ ನಿಂತಿತು.
‘ಹಾಳೆಯಾಗ ಅಲ್ಲಿ ಉಸುರಿಲ್ಲಲ್ಲ?’
‘ಅದೂ ನಲವತ್ತು ರೂಪಾಯಿಯೊಳಗೇ ಬಂತು, ಸಾರ್.’
ವಿಮಲನಾಥ ಮೊದಲು ನಕ್ಕ.
ಮಾಸ್ತರು ಪೆನ್ಸಿಲ್ ಹುಡುಕಿ
ಆ ಜಾಗಕ್ಕೊಂದು ಅಲ್ಪವಿರಾಮ ಇಟ್ಟರು.

ಹನ್ನೆರಡನೆಯವಳು ಸಲೋಮಿ,
ನವೆಂಬರಿನಲ್ಲಿ ಬಂದು ಸೇರಿದವಳು,
ನಮ್ಮ ಕಾರ್ಖಾನೆಯಲ್ಲೇ ಗುಂಡಿ ಹಚ್ಚುವ ಹುಡುಗಿ.
‘ನಂಗೂ ಕಳಿಸಕ್ಕ’ ಅಂದಳು.
ಹೆಬ್ಬೆರಳು ಬಾಣದ ಗುರುತಿನ ಮೇಲೆ ಹೋಗಿತ್ತು.
ಒಂದು ಒತ್ತು. ಯಾರು ಎಣಿಸುತ್ತಾರೆ?
ಯಾರ್ಡಿನವರೂ ಹಾಗೇ ಅಂದುಕೊಂಡಿದ್ದರು.

ಅವಳ ನಲವತ್ತು ಸಂಬಳದ ದಿನ ಬರುತ್ತದೆ. ಅಲ್ಲಿಯವರೆಗೆ
ಊಟದ ಹೊತ್ತಿನಲ್ಲಿ, ಕತ್ತರಿಸಿದ ಬಟ್ಟೆ ರಾಶಿಯ ಹಿಂದೆ
ಬಾ, ಕುಂದ್ರು ಅಂದೆ. ಫೋನು ಬುತ್ತಿ ಚೀಲದಲ್ಲಿಟ್ಟೆ.
ನನ್ನ ಗಂಟಲಿಂದ ಅವಳ ಕಿವಿಗೆ
ಒಂದೊಂದೇ ಸಾಲು ಇಳಿಸತೊಡಗಿದೆ,
ರೊಟ್ಟಿ ಮುರಿಯುತ್ತ, ತಪ್ಪುತ್ತ, ಮತ್ತೆ ಹಿಂದೆ ಹೋಗುತ್ತ.

ಎರಡನೇ ಸಾಲು ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು.
‘ಮುಂದಿನ ಸಾಲಿನಾಗ ಒಂದು ಉಸುರೈತಿ’ ಅಂದೆ.
‘ನಾಳೆ ಹೇಳಿಕೊಡ್ತೀನಿ.’