ಹನ್ನೊಂದು ಕಿಲೋ ಮೆಣಸು

ರೇಡಿಯೇಟರಿಗೆ ಬೆಸುಗೆ ಹಾಕುವ ನನ್ನ ಅಂಗಡಿಗೆ
ಸಂಗೀತದ ವಿಚಾರವಾಗಿ ಬರುವವರು ಕಡಿಮೆ.
ಇಗರ್ಜಿಯ ಬ್ಯಾಂಡಿನವರು ವರ್ಷಕ್ಕೊಮ್ಮೆ,
ಹಬ್ಬಕ್ಕೆ ನಾಲ್ಕು ದಿನ ಇರುವಾಗ, ನೆಗ್ಗಿದ್ದನ್ನು ಎತ್ತಿಸಿಕೊಂಡು
ಲೆಕ್ಕ ಬರೆದುಕೊಳ್ಳಿ ಕಾಕ ಎಂದು ಹೋಗುತ್ತಾರೆ.
ಬರೆದುಕೊಂಡಿದ್ದೇನೆ.

ವಿರಾಜಪೇಟೆ ಸಂತೆಯ ದಿನ ಸೆಲಿನ್ ಬಂದಳು,
ಒಂಬತ್ತನೇ ಕ್ಲಾಸು, ಕಂಕುಳಲ್ಲಿ ಕರಿಯ ಪೆಟ್ಟಿಗೆ.
ಚೀನಾದಿಂದ ಬಂದ ಟ್ರಂಪೆಟ್ಟು,
ಆರು ಸಾವಿರದ ಎಂಟುನೂರು.
ಎರಡು ಬೇಸಗೆ ಬಳ್ಳಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು
ಇರುವೆ ಕಚ್ಚಿಸಿಕೊಂಡು ಹೆಕ್ಕಿದ ಉದುರು ಮೆಣಸು
ಹನ್ನೊಂದು ಕಿಲೋ.
"ವಾಪಸು ಕಳಿಸಲು ಏಳು ದಿನ ಕೊಟ್ಟಿದ್ದಾರೆ ಕಾಕ,
ಇವತ್ತು ಆರನೆಯದು. ಊದಿದರೆ ಗಾಳಿಯೇ ಹೋಗುವುದಿಲ್ಲ."

ನಾನು ಊದುವವನಲ್ಲ. ಹಿತ್ತಾಳೆ ಬಲ್ಲೆ.
ಬೆಳಕಿಗೆ ಹಿಡಿದೆ. ಉಗುರಿನಿಂದ ಅಗಲಬಾಯಿಯ ಅಂಚು ತಟ್ಟಿದೆ:
ತೆಳ್ಳಗೆ. ಮದುವೆ ಊಟದ ಲೋಟಕ್ಕೂ ಇದಕ್ಕಿಂತ ದಪ್ಪ ತಗಡು.
ಮೂಸಿದೆ: ವಾರ್ನಿಷ್ ಇನ್ನೂ ಹಸಿ.
ಒಂದು ಕೊಳವೆ ಜಾರಲೊಲ್ಲದು, ಇನ್ನೊಂದು ತಾನಾಗಿ ಉದುರುತ್ತದೆ.
ನೀರು ಬಿಡುವ ಕೀಲಿಯ ಬೆಂಡು ವಾರೆ.
ಎರಡು ಕೊಳವೆ ಕೂಡುವಲ್ಲಿ ಬೆಸುಗೆ ಹೆಚ್ಚಾಗಿ
ಕಣ್ಣ ಗೀಜಿನಂತೆ ಉಂಡೆಗಟ್ಟಿದೆ.

"ಇದು ಕಳಿಸುವ ಮಾಲೇ ಮಗಳೇ" ಎನ್ನಲು ಬಾಯಿ ತೆರೆದಿದ್ದೆ.
ಆಗ ಕಂಡಿತು. ವಾರ್ನಿಷಿನ ಒಳಗೆ, ಉಂಡೆಯ ಪಕ್ಕ,
ಒಂದು ಹೆಬ್ಬೆರಳ ಗುರುತು.
ಬಿಸಿ ಆರುವ ಮೊದಲೇ ಹಿಡಿದು ಮುಂದಿನವನಿಗೆ ದಾಟಿಸಿದ್ದಾನೆ.
ಅಥವಾ ದಾಟಿಸಿದ್ದಾಳೆ; ಬೆರಳು ಚಿಕ್ಕದು.
ದಿನಕ್ಕೆ ಎಷ್ಟು ಮಾಡಬೇಕಿತ್ತೋ. ನಲವತ್ತೋ? ನೂರೋ?
ನನ್ನ ಬಲಗೈ ಹೆಬ್ಬೆರಳಲ್ಲಿ ಗೆರೆಗಳೇ ಉಳಿದಿಲ್ಲ,
ರೇಷನ್ ಅಂಗಡಿಯ ಯಂತ್ರ
ಪ್ರತಿ ತಿಂಗಳೂ ನಾನು ಯಾರೋ ಗೊತ್ತಿಲ್ಲ ಎನ್ನುತ್ತದೆ.

ಬಾಯಿ ಮುಚ್ಚಿಕೊಂಡು ಪಿಸ್ಟನ್ ಬಿಚ್ಚಿದೆ.
ಮೂರಕ್ಕೂ ನಂಬರು ಕೊರೆದಿತ್ತು, ಕಂಡೂ ಕಾಣದಷ್ಟು.
ಒಂದರ ಮನೆಯಲ್ಲಿ ಮೂರು ಕೂತಿತ್ತು, ಮೂರರ ಮನೆಯಲ್ಲಿ ಒಂದು.
ತೂತಿಗೆ ತೂತು ಎದುರಾಗದೆ ಗಾಳಿ ಎಲ್ಲಿಗೆ ಹೋಗಬೇಕು?
ಅದಲು ಬದಲು ಮಾಡಿ, ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ ಬಿಟ್ಟೆ.
ಜಾರದ ಕೊಳವೆಗೆ ಹಂದಿಯ ಕೊಬ್ಬು ಸವರಿದರೆ ಬೆಣ್ಣೆಯಾಗುತ್ತದೆಂದು
ಬೊನಿಫಾಸ್ ಮಾಸ್ಟರು ಹೇಳಿದ್ದಾರಂತೆ.
"ಹೇಳಿರಬಹುದು. ಅದನ್ನು ಮನೆಗೆ ಹೋಗಿ ಸವರಿಕೋ" ಎಂದೆ.
ನಾಲಿಗೆ ಕಚ್ಚಿಕೊಂಡಳು, ಆಮೇಲೆ ಇಬ್ಬರೂ ನಕ್ಕೆವು.

ಊದಿದಳು.
ಮೊದಲನೆಯದು ಸ್ವರವಲ್ಲ, ಕರು ಹಾಕುವ ಎಮ್ಮೆ.
ಎರಡನೆಯದಕ್ಕೆ ಎದುರು ಮೀನಂಗಡಿಯ ಉಸ್ಮಾನ್ ಕತ್ತಿ ನಿಲ್ಲಿಸಿದ.
ಮೂರನೆಯದು ನೇರ ಹೋಯಿತು,
ಜೀಪುಗಳ ಮೇಲೆ, ಗಡಿಯಾರ ಕಂಬದ ಮೇಲೆ,
ಮಲೆತಿರಿಕೆ ಬೆಟ್ಟದ ಕಡೆ.
ಮೇಲಿನ ಒಂದು ಸ್ವರ ಸ್ವಲ್ಪ ಕುಸಿಯುತ್ತದೆ, ಅವಳೇ ಹೇಳಿದಳು.
ತುಟಿ ಬಿಗಿಹಿಡಿದು ಎತ್ತಿಕೊಳ್ಳುತ್ತೇನೆ, ಅದನ್ನೂ ಅವಳೇ ಹೇಳಿದಳು.

ಕೇಳಿದ್ದಕ್ಕೆ ಸುಳ್ಳು ಹೇಳಲಿಲ್ಲ ನಾನು:
ಬೆವರಿಗೆ ಒಂದೇ ಮಳೆಗಾಲದಲ್ಲಿ ಬಣ್ಣ ಏಳುತ್ತದೆ.
ಸ್ಪ್ರಿಂಗು ಎರಡು ವರ್ಷ. ಬಿದ್ದರೆ ಮಡಚುತ್ತದೆ, ಬೀಳಿಸಬೇಡ.
ಮಾರಲು ಹೋದರೆ ಸಾವಿರಕ್ಕೂ ಕೇಳರು.
ಊದುಬಾಯಿ ಮಾತ್ರ ಮಾಸ್ಟರ ಹಳೆಯದನ್ನು ಕೇಳಿಕೋ,
ಹಲ್ಲು ಹೋದ ಮೇಲೆ ಅವರ ಷೋಕೇಸಿನಲ್ಲಿ
ಪಿಂಗಾಣಿ ಬಾತುಕೋಳಿಯ ಪಕ್ಕ ಸುಮ್ಮನೆ ಕೂತಿದೆ.

"ಹಾಗಾದರೆ ಕಳಿಸಲಾ, ಇಟ್ಟುಕೊಳ್ಳಲಾ?"
ಎಂದಳು, ಪೆಟ್ಟಿಗೆ ಮುಚ್ಚದೆ.
ನಾನು ಅರ ತೆಗೆದು
ಆ ಹೆಚ್ಚಿನ ಬೆಸುಗೆಯನ್ನು ಸುತ್ತಲಿನಿಂದ ಸವೆಯಿಸತೊಡಗಿದೆ,
ಬೆರಳ ಗುರುತಿನ ಹತ್ತಿರ ಬಂದು ನಿಲ್ಲಿಸಿದೆ.
ಅರ ತಾಗಿದ ಮಾಲನ್ನು ಯಾವ ಕಂಪನಿಯೂ ವಾಪಸು ತೆಗೆದುಕೊಳ್ಳುವುದಿಲ್ಲ.
ಅದು ಅವಳಿಗೂ ಗೊತ್ತು.

"ಮೂವತ್ತು ರೂಪಾಯಿ" ಎಂದೆ.
ಲೆಕ್ಕ ಬರೆದುಕೊಳ್ಳಿ ಕಾಕ, ಎಂದಳು.